ಕಪ್ಪೆಗೆ ಕಾಯ್ದೆ ಇದೆ, ತಗ್ಗಿನ ನೀರಿಗೆ ಇಲ್ಲ

ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಆರಿಸಿಕೊಂಡದ್ದು ಕೃಷಿ ಹೊಂಡ. ಕಾರಣ ದೊಡ್ಡದೇನಲ್ಲ, ಲೆಕ್ಕ ಸುಲಭ ಅಂತ. ಮೇಲ್ಭಾಗ 12 ಮೀಟರ್ ಉದ್ದ, 12 ಮೀಟರ್ ಅಗಲ, ಆಳ 3 ಮೀಟರ್, ಬದಿಯ ಇಳಿಜಾರು 1:1. ತಳದಲ್ಲಿ 6 ಮೀಟರ್ ಚದರ ಉಳಿಯುತ್ತದೆ. ಪ್ರಿಸ್ಮಾಯ್ಡಲ್ ಸೂತ್ರ ಹಾಕಿದರೆ 252 ಘನ ಮೀಟರ್, ಅಂದರೆ ಎರಡು ಲಕ್ಷ ಐವತ್ತೆರಡು ಸಾವಿರ ಲೀಟರ್ ನೀರು. ಇಂಗಿ ಹೋಗದ ಹಾಗೆ ತಳಕ್ಕೂ ಬದಿಗೂ ಪ್ಲಾಸ್ಟಿಕ್ ಹಾಳೆ. ಹಾಳೆಯನ್ನು ದಂಡೆಯ ಮೇಲೆ ಸಣ್ಣ ಕಾಲುವೆ ತೋಡಿ ಹೂಳಬೇಕು. ಇಷ್ಟೇ ಡಿಸೈನ್. ವಿವಾದಲ್ಲಿ ಮಾರ್ಕ್ಸ್ ಚೆನ್ನಾಗೇ ಬಂದವು.

ವಿವಾಕ್ಕೆ ಮುಂಚೆ ಫೋಟೋ ಬೇಕಿತ್ತು. ನಿಜವಾದ ಒಂದು ಹೊಂಡದ ಪಕ್ಕ ನಿಂತು ಅಳತೆ ಟೇಪು ಹಿಡಿದ ಫೋಟೋ ಇಲ್ಲದಿದ್ದರೆ ರಿಪೋರ್ಟ್ ಸುಳ್ಳು ಅನ್ನಿಸುತ್ತದೆ. ನಮ್ಮೊಳಗೊಬ್ಬನ ತಾಯಿಯ ತವರು ಮಮದಾಪುರ. ಬಬಲೇಶ್ವರ ತಾಲೂಕಿನ ಊರು, ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯಿರುವ ಊರು. ಜೂನ್‌ನಲ್ಲಿ ಎರಡು ದಿನ ಮಳೆ ಬಿದ್ದ ಮೇಲಿನ ಭಾನುವಾರ ಅವನ ಅಜ್ಜನ ಹೊಲಕ್ಕೆ ಹೋದೆವು. ಪಕ್ಕದ ಹೊಲದಲ್ಲಿ ಒಂದು ಹೊಂಡ, ನಮ್ಮ ಡ್ರಾಯಿಂಗ್‌ನಿಂದ ಎದ್ದು ಬಂದ ಹಾಗೇ ಇತ್ತು. ಅದೇ ಕಪ್ಪು ಹಾಳೆ, ಅದೇ ಇಳಿಜಾರು, ಮೊಣಕಾಲುದ್ದ ನೀರು. ನೀರಿನಲ್ಲಿ ಏಳು ಕಪ್ಪೆ ಸತ್ತು ತೇಲುತ್ತಿದ್ದವು. ಎಂಟನೆಯದು ಬದುಕಿತ್ತು. ಅಂಗೈಗಿಂತ ದೊಡ್ಡದು, ಮೈಯೆಲ್ಲ ಹಳದಿ. ಹಾಳೆಯ ಮೇಲೆ ಒಂದಡಿ ಹತ್ತುತ್ತಿತ್ತು, ಜಾರಿ ನೀರಿಗೆ ಬೀಳುತ್ತಿತ್ತು. ಮತ್ತೆ ಹತ್ತುತ್ತಿತ್ತು.

1:1 ಅಂದರೆ 45 ಡಿಗ್ರಿ. ತಳದಿಂದ ದಂಡೆಗೆ 4.24 ಮೀಟರ್ ನುಣುಪು ಪ್ಲಾಸ್ಟಿಕ್. ಈ ಲೆಕ್ಕವನ್ನು ನಾವೇ ಮಾಡಿದ್ದೆವು, ಹಾಳೆ ಎಷ್ಟು ಬೇಕು ಅಂತ ತಿಳಿಯಲು.

ಬಕೆಟ್ಟಿಗೆ ಹಗ್ಗ ಕಟ್ಟಿ ಇಳಿಬಿಟ್ಟು ಅದನ್ನು ಮೇಲೆ ತಂದೆವು. ನಮ್ಮ ಗುಂಪಿನ ಹುಡುಗಿಯೊಬ್ಬಳು ಮೊಬೈಲ್‌ನಲ್ಲಿ ಹುಡುಕಿ ಹೆಸರು ಹೇಳಿದಳು, ಇಂಡಿಯನ್ ಬುಲ್‌ಫ್ರಾಗ್, ಹಾಪ್ಲೋಬಟ್ರಾಕಸ್ ಟೈಗರಿನಸ್. ಕನ್ನಡದಲ್ಲಿ ಗೂಳಿಗಪ್ಪೆ. ನಮ್ಮಲ್ಲಿ ಮೂವರು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ‘ಟ್ಯಾಡ್‌ಪೋಲ್’ ಗೊತ್ತು, ‘ಗೊದಮೊಟ್ಟೆ’ ಅನ್ನುವ ಪದ ಈ ಲೇಖನ ಬರೆಯಲು ಕೂತಾಗ ರೂಮ್‌ಮೇಟ್ ಹೇಳಿಕೊಟ್ಟದ್ದು. ನಾಚಿಕೆಯ ವಿಷಯವೇ, ಇರಲಿ.

ಅಜ್ಜ ಅದನ್ನು ನೋಡಿ ಹೆಸರಿಗೆಲ್ಲ ಹೋಗಲಿಲ್ಲ. “ಹಳದಿ ಕಪ್ಪಿ,” ಅಂದರು. “ಮೊದಲನೇ ಮಳಿ ಆತಂದ್ರ ಕೆರಿ ಹಿಂದಿನ ತಗ್ಗಿನ್ಯಾಗ ಇವುಗಳದ್ದ ಸಂತಿ ಕೂಡತಿತ್ತು ತಮ್ಮಾ. ರಾತ್ರಿ ನಿದ್ದಿ ಮಾಡಾಕ ಬಿಡತಿರಲಿಲ್ಲ. ಬೆಳಗಾದ ಮ್ಯಾಲೂ ಒದರತಿದ್ದೂ. ಈಗ ನೋಡು, ಎಣಸ್ಬೇಕಂದ್ರ ಎಣಸಾಕ ಬರ್ತಾವು.”

“ಎಲ್ಲಿಗೆ ಹೋದ್ವು ಅಜ್ಜಾರ?” ಅಂತ ಅವಳು ಕೇಳಿದಳು.

“ಎಲ್ಲಿಗೆ ಹೋಗ್ತಾವ ಯವ್ವಾ? ತಗ್ಗs ಇಲ್ಲ.”

ಆ ಕೊನೆಯ ಮಾತಿನ ಮೇಲೇ ಈ ಲೇಖನ. ವಾಪಸ್ ಬಂದ ಮೇಲೆ ನಾವು ಮಾಡಿದ ಮೊದಲ ಕೆಲಸ, ಕಪ್ಪೆಗೆ ಕಾನೂನಿನ ರಕ್ಷಣೆ ಇದೆಯಾ ಅಂತ ಹುಡುಕಿದ್ದು. ಇಲ್ಲ ಅಂದುಕೊಂಡಿದ್ದೆವು. ಇದೆ. ಅದೂ ನಾವು ಹುಟ್ಟುವುದಕ್ಕಿಂತ ಬಹಳ ಮೊದಲಿನಿಂದ ಇದೆ.

ಅದರ ಕಥೆ ಶುರುವಾಗುವುದು ಊಟದ ತಟ್ಟೆಯಿಂದ. 1970ರ ದಶಕದಲ್ಲಿ ಮತ್ತು 80ರ ದಶಕದ ಮೊದಲರ್ಧದಲ್ಲಿ ಭಾರತ ಜಗತ್ತಿಗೆ ಕಪ್ಪೆಯ ಕಾಲು ಮಾರುವ ದೊಡ್ಡ ದೇಶಗಳಲ್ಲಿ ಒಂದು. ವರ್ಷಕ್ಕೆ ಸಾವಿರಾರು ಟನ್ ಹಿಂಗಾಲು ಫ್ರೀಜ್ ಆಗಿ ಯೂರೋಪಿಗೂ ಅಮೆರಿಕಕ್ಕೂ ಹಡಗು ಹತ್ತುತ್ತಿದ್ದವು. ಹೋಗುತ್ತಿದ್ದದ್ದು ಹಿಂಗಾಲು ಮಾತ್ರ, ಉಳಿದ ಮೈ ಇಲ್ಲೇ. ಕಾಲು ದಪ್ಪಗಿರುವ ಕಪ್ಪೆಗೆ ಬೇಡಿಕೆ ಹೆಚ್ಚು, ಹಾಗಾಗಿ ಗೂಳಿಗಪ್ಪೆಯ ಮೇಲೆ ಹೊಡೆತ ಹೆಚ್ಚು. ಕೈಯಿಂದ ಹಿಡಿಯುವುದೂ ಸುಲಭ, ಯಾಕೆಂದರೆ ಮೊದಲ ಮಳೆಗೆ ಅವು ಒಂದೇ ಕಡೆ ನೂರಾರು ಸೇರಿ ಕೂಗುತ್ತವೆ. ಹೊಲದ ಹುಳ ತಿನ್ನುವ ಪ್ರಾಣಿಯನ್ನು ಮಾರಿ ಆ ದುಡ್ಡಿನಲ್ಲಿ ಕೀಟನಾಶಕ ಕೊಳ್ಳುವುದು ಯಾವ ವ್ಯಾಪಾರ ಅಂತ ಆಗಲೇ ಕೇಳಿದವರಿದ್ದರು. 1985ರಲ್ಲಿ ಗೂಳಿಗಪ್ಪೆಯ ಹೆಸರು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಗೆ ಸೇರಿತು. 1987ರಲ್ಲಿ ಭಾರತ ಕಪ್ಪೆ ಕಾಲಿನ ರಫ್ತನ್ನೇ ನಿಲ್ಲಿಸಿತು. ಆ ವ್ಯಾಪಾರ ಬೇರೆ ದೇಶಗಳಿಗೆ, ಮುಖ್ಯವಾಗಿ ಇಂಡೋನೇಷ್ಯಾಕ್ಕೆ, ಸರಿಯಿತು. ಅಲ್ಲಿನ ಕಪ್ಪೆಗಳ ಗತಿ ಬೇರೆ ಕಥೆ.

ದೇಶದೊಳಗೆ ಇದ್ದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರ ಹಳೆಯ ನಾಲ್ಕನೇ ಅನುಸೂಚಿಯಲ್ಲಿ ‘ಸಿಹಿನೀರಿನ ಕಪ್ಪೆಗಳು’ ಅಂತ ಒಂದು ಸಾಲು ಇತ್ತು, ಮುಂದೆ ‘ರಾನಾ’ ಕುಲ ಅಂತ ನಮೂದಾಗಿತ್ತು. ಆಗ ಗೂಳಿಗಪ್ಪೆಯ ವೈಜ್ಞಾನಿಕ ಹೆಸರೂ ರಾನಾ ಟೈಗ್ರಿನಾ. ಆಮೇಲೆ ವಿಜ್ಞಾನಿಗಳು ಕಪ್ಪೆಗಳ ಕುಲಗಳನ್ನು ಬೇರೆ ಬೇರೆ ಮಾಡುತ್ತಾ ಹೋದರು. ಗೂಳಿಗಪ್ಪೆ ಹಾಪ್ಲೋಬಟ್ರಾಕಸ್ ಆಯಿತು, ಉಳಿದವು ಇನ್ನೇನೇನೋ ಆದವು. ಕಾಯ್ದೆಯ ಪಟ್ಟಿಯಲ್ಲಿ ಮಾತ್ರ ರಾನಾ ಹಾಗೇ ಕೂತಿತ್ತು. ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗುವುದು ಅಂತಾರಲ್ಲ, ಕಾನೂನು ಬರೆಯುವವರ ಪಾಡು ಹಾಗೇ. ಒಂದನ್ನು ಎತ್ತಿ ಇಡುವಷ್ಟರಲ್ಲಿ ಇನ್ನೊಂದು ಹಾರಿರುತ್ತದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಆರು ಅನುಸೂಚಿಗಳು ನಾಲ್ಕಾದವು. ಸೈಟಿಸ್ ಪಟ್ಟಿಯ ಜೀವಿಗಳಿಗೇ ಒಂದು ಪ್ರತ್ಯೇಕ ಅನುಸೂಚಿ ಬಂತು, ಗೂಳಿಗಪ್ಪೆಯ ಹೆಸರು ಅಲ್ಲಿದೆ.

ಇಷ್ಟು ಓದಿ ನಮಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಮಮದಾಪುರದಲ್ಲಿ ಈ ಕಪ್ಪೆಯನ್ನು ಯಾರೂ ತಿನ್ನುವುದಿಲ್ಲ, ಯಾರೂ ಹಿಡಿದು ಮಾರುವುದಿಲ್ಲ. ಮಳೆ ಹೋದ ವರ್ಷ ಮಕ್ಕಳು ಗುರ್ಜಿ ಹೊತ್ತು ಮನೆಮನೆಗೆ ಹೋಗುವ ನಾಡು ಇದು. ಕಪ್ಪೆ ಕೂಗಿದರೆ ಖುಷಿಪಡುವ ಜನ. ಅತ್ತ ಉಡುಪಿಯಲ್ಲಿ 2019ರ ಜೂನ್‌ನಲ್ಲಿ ಮಳೆಗಾಗಿ ಕಪ್ಪೆಗಳಿಗೆ ಮದುವೆಯನ್ನೇ ಮಾಡಿದ್ದರು. ಹಾಗಿದ್ದರೆ ಕೊಲ್ಲದ ಊರಿನಲ್ಲೂ ಕಪ್ಪೆ ಯಾಕೆ ಕಡಿಮೆಯಾಯಿತು?

ಈ ಪ್ರಶ್ನೆ ಇಟ್ಟುಕೊಂಡು ಕಾಯ್ದೆಯನ್ನು ಇನ್ನೊಮ್ಮೆ ಓದಿದೆವು. (ಇಂಟರ್ನಲ್ಸ್ ಹತ್ತಿರವಿದ್ದಾಗ ಮಾತ್ರ ಇಂಥ ಓದಿಗೆ ಮನಸ್ಸು ಬರುತ್ತದೆ.) ‘ಪ್ರಾಣಿ’ ಅಂದರೆ ಏನು ಅಂತ ಕಾಯ್ದೆ ಹೇಳುವಾಗ ಉಭಯವಾಸಿಗಳನ್ನೂ ಸೇರಿಸುತ್ತದೆ, ಮರಿ ಮತ್ತು ಮೊಟ್ಟೆಯನ್ನೂ ಸೇರಿಸುತ್ತದೆ. ಚೆನ್ನಾಗಿದೆ. ಆದರೆ ‘ಬೇಟೆ’ ಅಂದರೆ ಏನು ಅಂತ ಹೇಳುವ ಸೆಕ್ಷನ್ 2(16)ಕ್ಕೆ ಬನ್ನಿ. ಕೊಲ್ಲುವುದು, ಹಿಡಿಯುವುದು, ವಿಷ ಹಾಕುವುದು, ಬಲೆ ಬೀಸುವುದು, ಅಟ್ಟಿಸಿಕೊಂಡು ಹೋಗುವುದು, ಅಂಗ ಕತ್ತರಿಸುವುದು, ಇದೆಲ್ಲ ಬೇಟೆ. ಗೂಡು ಕೆಡಿಸುವುದು, ಮೊಟ್ಟೆ ಒಡೆಯುವುದು ಸಹ ಬೇಟೆಯೇ, ಆದರೆ ಅಲ್ಲಿ ಹೆಸರಿಸಿರುವುದು ಹಕ್ಕಿ ಮತ್ತು ಸರೀಸೃಪಗಳನ್ನು ಮಾತ್ರ. ಕಪ್ಪೆಯ ಹೆಸರು ಅಲ್ಲಿಲ್ಲ.

ಬರೆದವರಿಗೆ ಕಪ್ಪೆಗೆ ಗೂಡು ಇದೆ ಅಂತ ಹೊಳೆದಿರಲಿಕ್ಕಿಲ್ಲ. ಹಕ್ಕಿಗೆ ಕಡ್ಡಿಯ ಗೂಡು, ಮೊಸಳೆಗೆ ಮರಳಿನ ಗುಂಡಿ, ಆಮೆಗೆ ದಂಡೆ. ಕಣ್ಣಿಗೆ ಕಾಣುವ ಗೂಡುಗಳು. ಗೂಳಿಗಪ್ಪೆಗೆ ಗೂಡು ಅಂದರೆ ನಿಂತ ಮಳೆನೀರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಬೇಸಿಗೆಯಲ್ಲಿ ಎರಿ ಭೂಮಿ ಕೈ ಹೋಗುವಷ್ಟು ಬಿರಿಯುತ್ತದೆ. ಆ ತಿಂಗಳುಗಳನ್ನು ಗೂಳಿಗಪ್ಪೆ ಮಣ್ಣಿನೊಳಗೆ, ಬಿಲ-ಬಿರುಕುಗಳಲ್ಲಿ ಅಲ್ಲಾಡದೆ ಕಳೆಯುತ್ತದೆ. ಮೊದಲ ಜೋರು ಮಳೆಗೆ ಮೇಲೆ ಬರುತ್ತದೆ. ಹಸಿರು-ಕಂದು ಇದ್ದ ಗಂಡು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಗಂಟಲಿನ ಎರಡೂ ಕಡೆ ನೀಲಿ ಚೀಲ ಉಬ್ಬುತ್ತದೆ. ಒಂದೆರಡು ದಿನ ಈ ಗದ್ದಲ, ಅಷ್ಟೇ. ಮೊಟ್ಟೆ ಇಡುವುದು ಕೆರೆಯ ನಡುನೀರಿನಲ್ಲಲ್ಲ, ಮಳೆಗೆ ಆಗಷ್ಟೇ ತುಂಬಿದ ಆಳವಿಲ್ಲದ ತಗ್ಗುಗಳಲ್ಲಿ. ಆ ತಗ್ಗು ಬೇಸಿಗೆಯಲ್ಲಿ ಒಣಗಿರಬೇಕು. ಒಣಗಿದ್ದರೆ ಅಲ್ಲಿ ಮೀನಿರುವುದಿಲ್ಲ, ಮೀನಿಲ್ಲದಿದ್ದರೆ ಗೊದಮೊಟ್ಟೆ ಉಳಿಯುತ್ತದೆ. ನೀರು ಇಂಗುವ ಮೊದಲು ಕಾಲು ಬಂದು ದಂಡೆ ಹತ್ತಬೇಕು. ಹಾಗಾಗಿ ಅವು ಬೇಗ ಬೆಳೆಯುತ್ತವೆ, ಜೊತೆಯ ಗೊದಮೊಟ್ಟೆಗಳನ್ನೇ ತಿಂದು ಬೆಳೆಯುತ್ತವೆ. ಒಂದು ವಿಚಿತ್ರ ಏನೆಂದರೆ, ಇದೇ ಗುಣದಿಂದ ಅಂಡಮಾನ್‌ನಲ್ಲಿ ಇದೇ ಕಪ್ಪೆ ಪಿಡುಗಾಗಿದೆ. ಮುಖ್ಯಭೂಮಿಯಿಂದ ಹೇಗೋ ಅಲ್ಲಿಗೆ ಹೋಗಿ ದ್ವೀಪದ ಕಪ್ಪೆಗಳ ಗೊದಮೊಟ್ಟೆಗಳನ್ನು ತಿಂದು ಹಬ್ಬುತ್ತಿದೆ. ಮಡಗಾಸ್ಕರ್‌ನಲ್ಲೂ ಅದು ಹೊರಗಿನಿಂದ ಹೋದ ಪ್ರಾಣಿ. ಅಲ್ಲಿ ಬೇಡವಾದದ್ದು, ಇಲ್ಲಿ ನಮ್ಮದು. ಪಟ್ಟಿಯಲ್ಲಿ ಪ್ರಾಣಿಯ ಹೆಸರೊಂದನ್ನೇ ಬರೆದರೆ ಸಾಲದು, ಜಾಗವನ್ನೂ ಬರೆಯಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಗಲಿಲ್ಲ.

ಈಗ ಮಮದಾಪುರದ ಸುತ್ತ ನೋಡಿ. ಕೆರೆಯೇನೋ ಇದೆ. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್‌ಶಾಹನ ಹೆಸರೇ ಊರಿಗೂ ಬಂದದ್ದು. ಆ ಒಡ್ಡು ನೋಡಿದರೆ ಸಿವಿಲ್ ಓದುವ ನಮಗೆ ಒಂದು ಕ್ಷಣ ಮಾತು ನಿಲ್ಲುತ್ತದೆ. ಜಿಲ್ಲೆಯ ಕೆರೆಗಳಿಗೆ ಈಗ ಕೃಷ್ಣೆಯ ನೀರು ಪೈಪಿನಲ್ಲಿ ಬರುತ್ತಿದೆ. ಬಾವಿ, ಬೋರು ಬದುಕಿವೆ, ಊರು ಬಿಟ್ಟು ಹೋಗುವವರು ಕಡಿಮೆಯಾಗಿದ್ದಾರೆ ಅಂತ ಅಜ್ಜನೇ ಹೇಳಿದರು. ನಾವು ಅದನ್ನು ಬೇಡ ಅನ್ನುವವರಲ್ಲ. ಹಾಗೆ ಅನ್ನುವ ಹಕ್ಕು ನಲ್ಲಿ ತಿರುಗಿಸಿದರೆ ನೀರು ಬರುವ ಹಾಸ್ಟೆಲ್‌ನಲ್ಲಿ ಇರುವ ನಮಗಿಲ್ಲ. ಆದರೆ ವರ್ಷವಿಡೀ ನೀರು ನಿಂತರೆ ಅಲ್ಲಿ ಮೀನು ಇರುತ್ತದೆ, ಮೀನು ಇದ್ದಲ್ಲಿ ಗೂಳಿಗಪ್ಪೆಯ ಸಂಸಾರ ಕಷ್ಟ. ಸೊಳ್ಳೆ ಮರಿ ತಿನ್ನಲಿ ಅಂತ ನಿಂತ ನೀರಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡುತ್ತಾರೆ, ಗ್ಯಾಂಬೂಸಿಯಾ ಗೊದಮೊಟ್ಟೆಯನ್ನೂ ಬಿಡುವುದಿಲ್ಲ. ಕೆರೆ ಹಿಂದಿನ ತಗ್ಗುಗಳು ಕೆಲವು ಹೊಲಕ್ಕೆ ಸೇರಿದವು, ಕೆಲವು ರಸ್ತೆ ಅಗಲವಾದಾಗ ಮುಚ್ಚಿದವು. ಹೊಲದ ನಡುವಿನ ತಗ್ಗಿನಲ್ಲಿ ನಿಲ್ಲುತ್ತಿದ್ದ ನೀರನ್ನು ಈಗ ಹಿಡಿದಿಡುವುದು ನಮ್ಮ ಕೃಷಿ ಹೊಂಡ. ಕೃಷಿ ಭಾಗ್ಯದಂಥ ಯೋಜನೆಗಳಲ್ಲಿ ಸಬ್ಸಿಡಿಯೊಂದಿಗೆ ಬಂದ ಈ ಹೊಂಡಗಳು ಒಣಬೇಸಾಯದ ರೈತನಿಗೆ ನಿಜಕ್ಕೂ ಆಸರೆ. ಕಪ್ಪೆಗೆ ಮಾತ್ರ ಅವು ನೀರಿನ ಹಾಗೆ ಕಾಣುವ ಬಲೆ.

ನೀರಿಗೇ ಕಾನೂನು ಇಲ್ಲವಾ ಅಂತ ಕೇಳಬಹುದು. ಇದೆ. 2017ರ ಜೌಗುಭೂಮಿ ನಿಯಮಗಳಿವೆ. ಆದರೆ ನೀರಾವರಿಗಾಗಿ, ಕುಡಿಯುವ ನೀರಿಗಾಗಿ ಮನುಷ್ಯ ಕಟ್ಟಿದ ಜಲಕಾಯಗಳನ್ನು ಆ ನಿಯಮಗಳ ವ್ಯಾಖ್ಯೆಯೇ ಹೊರಗಿಡುತ್ತದೆ. ನಮ್ಮ ಬಯಲುಸೀಮೆಯಲ್ಲಿ ಮನುಷ್ಯ ಕಟ್ಟದ ಕೆರೆ ಹುಡುಕಿ ತನ್ನಿ ನೋಡೋಣ. ರಾಜ್ಯದಲ್ಲಿ ಕೆರೆ ಸಂರಕ್ಷಣೆಗೆ 2014ರ ಕಾಯ್ದೆಯೂ ಇದೆ, ಅದು ಕೆರೆಯ ಗಡಿಯನ್ನು ಕಾಯುತ್ತದೆ. ಕೆರೆಯೇ ಅಲ್ಲದ, ಸರ್ವೆ ನಕ್ಷೆಯಲ್ಲಿ ಒಂದು ಚುಕ್ಕೆಯೂ ಆಗದ, ವರ್ಷಕ್ಕೆ ಎರಡು ತಿಂಗಳು ಮಾತ್ರ ಇರುವ ತಗ್ಗಿಗೆ? ಅದಕ್ಕೆ ಕಾನೂನಿನಲ್ಲಿ ಹೆಸರೇ ಇಲ್ಲ. ಹೆಸರು ಇಲ್ಲದ್ದನ್ನು ಮುಚ್ಚಿದರೆ ಏನು ಮುಚ್ಚಿದಿರಿ ಅಂತ ಯಾರು ಕೇಳುತ್ತಾರೆ?

ಇಲ್ಲಿ ನಮ್ಮೊಳಗೇ ಜಗಳ ಆಯಿತು. ಒಬ್ಬ ಹೇಳಿದ, “ಗೂಳಿಗಪ್ಪೆ ಐಯುಸಿಎನ್ ಪಟ್ಟಿಯಲ್ಲಿ ಅಪಾಯದಲ್ಲೇ ಇಲ್ಲ ಕಣೋ, ‘ಲೀಸ್ಟ್ ಕನ್ಸರ್ನ್’ ಅಂತಿದೆ.” ಅವನು ಹೇಳಿದ್ದು ನಿಜ. ಪಾಕಿಸ್ತಾನದಿಂದ ಮ್ಯಾನ್ಮಾರ್‌ವರೆಗೆ ಹರಡಿರುವ ಪ್ರಾಣಿ ಅದು, ನಾಳೆ ಭೂಮಿಯಿಂದ ಅಳಿದು ಹೋಗುವುದಿಲ್ಲ. 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯವಾಸಿಗಳಲ್ಲಿ ಶೇ 41ರಷ್ಟು ಪ್ರಭೇದಗಳು ಅಪಾಯದಲ್ಲಿವೆ, ಬೆನ್ನೆಲುಬಿರುವ ಪ್ರಾಣಿಗಳಲ್ಲೇ ಇದು ಅತಿ ಕೆಟ್ಟ ಸ್ಥಿತಿ. ಗೂಳಿಗಪ್ಪೆ ಆ 41ರೊಳಗೆ ಇಲ್ಲ. ಆದರೆ ಜಗತ್ತಿನ ಲೆಕ್ಕ ಮಮದಾಪುರದ ಲೆಕ್ಕ ಅಲ್ಲ. ಇಡೀ ರಾಜ್ಯದ ಸರಾಸರಿ ಮಳೆ ಚೆನ್ನಾಗಿದೆ ಅಂತ ಹೇಳಿ ವಿಜಯಪುರದ ರೈತನನ್ನು ಸಮಾಧಾನ ಮಾಡಲು ಆಗುತ್ತದಾ? ಪ್ರಭೇದ ಅಳಿಯುವುದು ಕೊನೆಗೆ, ಊರುಗಳಿಂದ ಅದು ಮೊದಲೇ ಒಂದೊಂದಾಗಿ ಖಾಲಿಯಾಗಿರುತ್ತದೆ. ಪಟ್ಟಿ ಬದಲಾಗುವ ಹೊತ್ತಿಗೆ ತಗ್ಗುಗಳೂ ಇರುವುದಿಲ್ಲ, ಅಜ್ಜಂದಿರೂ ಇರುವುದಿಲ್ಲ.

ಇನ್ನೊಬ್ಬನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅವನು ರೈತನ ಮಗ. “ತಗ್ಗು ಮುಚ್ಚಿದರೆ ಕೇಸು ಅಂತ ಕಾನೂನು ಮಾಡಿದರೆ ಮೊದಲು ಸಿಕ್ಕಿಬೀಳುವವನು ನಮ್ಮಪ್ಪ. ಲೇಔಟ್ ಮಾಡುವವನು ಹೇಗೋ ಪಾರಾಗ್ತಾನೆ,” ಅಂದ. ಇದಕ್ಕೆ ನಮ್ಮಲ್ಲಿ ಪೂರ್ತಿ ಉತ್ತರ ಇಲ್ಲ. ಹೊಲದೊಳಗಿನ ತಗ್ಗನ್ನು ಕಾಯಲು ಪೊಲೀಸು, ಫೈನು ಬೇಡ ಅನ್ನುವುದನ್ನು ನಾವು ಒಪ್ಪುತ್ತೇವೆ. ಸಾರ್ವಜನಿಕ ಜಾಗದ ಮಾತು ಬೇರೆ. ಗೋಮಾಳ, ಕೆರೆಯಂಗಳ, ರಸ್ತೆ ಬದಿ, ಕಾಲೇಜು ಕ್ಯಾಂಪಸ್ಸು, ಇಲ್ಲೆಲ್ಲ ಕೆಲಸ ಮಾಡಿಸುವುದು ಸರ್ಕಾರ ಅಥವಾ ಸಂಸ್ಥೆ. ಅಲ್ಲಿ ನಿಯಮ ಇರಲೇಬೇಕು. ಬೇಟೆಯ ವ್ಯಾಖ್ಯೆಯಲ್ಲಿ ‘ಹಕ್ಕಿ ಮತ್ತು ಸರೀಸೃಪ’ ಅನ್ನುವಲ್ಲಿ ‘ಉಭಯವಾಸಿ’ ಅನ್ನುವ ಒಂದು ಪದ ಸೇರಿಸಲು ಸಂಸತ್ತೇ ಬೇಕು, ಗೊತ್ತು. ಸಂಸತ್ತು ಸೇರಿಸಲಿ ಅಂತಲೇ ನಮ್ಮ ಒತ್ತಾಯ. ಆದರೆ ಅಲ್ಲಿಯ ತನಕ ಕೈಕಟ್ಟಿ ಕೂರಬೇಕಿಲ್ಲ.

ಯಾಕೆಂದರೆ ಊರಿನ ಕೈಯಲ್ಲೇ ಒಂದು ಕಾನೂನು ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಜನರನ್ನು ಕೇಳಿ ಊರಿನ ಗಿಡ, ಪ್ರಾಣಿ, ಬೀಜ, ತಿಳಿವಳಿಕೆ ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. 2020ರ ಜನವರಿಯೊಳಗೆ ದೇಶದ ಎಲ್ಲ ಕಡೆ ಮುಗಿಸಿ ಅಂತ ಹಸಿರು ನ್ಯಾಯಮಂಡಳಿ ಗಡುವು ಕೊಟ್ಟಿತ್ತು. ಗಡುವಿನ ಕೆಲಸ ಹೇಗಿರುತ್ತದೆ ಅಂತ ಹಿಂದಿನ ರಾತ್ರಿ ರೆಕಾರ್ಡ್ ಬರೆಯುವ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಾಗಿ ಯಾವ ಊರಿನ ದಾಖಲಾತಿಯನ್ನೂ ತೆಗೆದು ನೋಡಿ, ತಿದ್ದಲು ಜಾಗ ಇದ್ದೇ ಇರುತ್ತದೆ. ಅಲ್ಲಿ ‘ಕಪ್ಪೆ’ ಅಂತ ಒಂದು ಪದ ಬರೆದು ಬಿಡುವ ಬದಲು, ಹಳದಿ ಕಪ್ಪೆ ಯಾವ ತಗ್ಗಿನಲ್ಲಿ ಯಾವ ಮಳೆಗೆ ಕೂಡುತ್ತದೆ, ಮೊದಲು ಎಲ್ಲೆಲ್ಲಿ ಕೂಡುತ್ತಿತ್ತು ಅಂತ ಅಜ್ಜನ ಮಾತಿನಲ್ಲೇ ಬರೆಸಬೇಕು. ರೋಹಿಣಿಯೋ ಮೃಗಶಿರವೋ, ಅವರ ಲೆಕ್ಕದಲ್ಲೇ ಇರಲಿ. ಈ ದಾಖಲಾತಿಗೆ ಜೆಸಿಬಿ ನಿಲ್ಲಿಸುವ ಶಕ್ತಿ ಇಲ್ಲ, ಒಪ್ಪುತ್ತೇವೆ. ಆದರೆ ತಗ್ಗಿಗೆ ಒಂದು ಹೆಸರು, ಒಂದು ಸರ್ವೆ ನಂಬರು, ಒಂದು ಪುಟ ಬರುತ್ತದೆ. ನಾಳೆ ರಸ್ತೆಯ ಎಸ್ಟಿಮೇಟ್ ಮಾಡುವ ಎಂಜಿನಿಯರ್‌ಗೆ (ಅದು ನಮ್ಮಲ್ಲೇ ಯಾರೋ ಆಗಿರಬಹುದು) ‘ಗೊತ್ತಿರಲಿಲ್ಲ’ ಅನ್ನಲು ಆಗುವುದಿಲ್ಲ.

ಇದೇ ಕಾಯ್ದೆಯಡಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸುವ ಅವಕಾಶವೂ ಇದೆ. ದೇಶದ ಮೊದಲನೆಯದು ನಮ್ಮ ರಾಜ್ಯದ್ದೇ, ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು, 2007ರಲ್ಲಿ. ಬೆಂಗಳೂರಿನ ಜಿಕೆವಿಕೆ ಕೂಡ ಅಂಥ ತಾಣ. ಅದು ಕಾಡಲ್ಲ, ಹುಡುಗ-ಹುಡುಗಿಯರು ಓದುವ ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್ಸು. ಈ ವಾಕ್ಯವನ್ನು ಯಾಕೆ ಬರೆದೆವು ಅಂತ ಕೊನೆಯಲ್ಲಿ ಗೊತ್ತಾಗುತ್ತದೆ.

ಕಪ್ಪೆ ಅಂದರೆ ಪಶ್ಚಿಮ ಘಟ್ಟ ಅನ್ನುವ ರೂಢಿ ನಮ್ಮಲ್ಲಿದೆ. ತಪ್ಪಲ್ಲ. ಡಾ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೆಸರಿಟ್ಟ ಕುಂಬಾರ ಕಪ್ಪೆ, ಮೊಟ್ಟೆಗೆ ಮಣ್ಣು ಮೆತ್ತುವ ಆ ಅಪ್ಪ-ಕಪ್ಪೆಯ ಕಥೆ ಕೇಳಿದರೆ ಯಾರಿಗೂ ಇಷ್ಟವಾಗುತ್ತದೆ. ಆದರೆ 2020ರಲ್ಲಿ ಬೆಂಗಳೂರಿನ ಅಂಚಿನ ರಾಜಾನುಕುಂಟೆಯ ಬರಡು ನೆಲದಲ್ಲಿ ಹೊಸ ಬಿಲಗಪ್ಪೆಯೊಂದು ಸಿಕ್ಕಿತು, ಅದಕ್ಕೆ ಬೆಂಗಳೂರಿನ ಹೆಸರನ್ನೇ ಇಟ್ಟರು. ಖಾಲಿ ಸೈಟು ಅಂತ ಎಲ್ಲರೂ ದಾಟಿ ಹೋಗುವ ಜಾಗ ಅದು. ನಮ್ಮ ಬಯಲುಸೀಮೆಯಲ್ಲಿ ಹುಡುಕಿದವರೇ ಕಡಿಮೆ. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನ ಇದೆಯಲ್ಲ, ಕನ್ನಡ ಸಂಘದ ಪ್ರವಾಸದಲ್ಲಿ ನಾವೆಲ್ಲ ಅದರ ಮುಂದೆ ಸೆಲ್ಫಿ ತೆಗೆದುಕೊಂಡವರೇ. ಹೆಸರಿನಲ್ಲೇ ಕಪ್ಪೆ ಇರುವ ಆ ವೀರ ಈ ಸೀಮೆಯವನು. ಅಲ್ಲಿ ಕೂಗುವ ಕಪ್ಪೆ ಯಾವುದು ಅಂತ ಮಾತ್ರ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಇನ್ನು ನಮ್ಮ ಡಿಸೈನ್. ವಿವಾ ಮುಗಿದ ಮೇಲೆ ಅದನ್ನು ತಿದ್ದಿದೆವು, ಮಾರ್ಕ್ಸ್ ಇಲ್ಲದ ಕೆಲಸ. ಹೊಂಡದ ಎರಡು ಎದುರು ಮೂಲೆಗಳಲ್ಲಿ ಒಂದು ಮೀಟರ್ ಅಗಲದ ತೆಂಗಿನ ನಾರಿನ ಚಾಪೆ. ದಂಡೆಯ ಮೇಲೆ ಪ್ಲಾಸ್ಟಿಕ್ ಹೂಳುವ ಅದೇ ಕಾಲುವೆಯಲ್ಲಿ ಚಾಪೆಯ ತುದಿಯನ್ನೂ ಹೂಳುವುದು, ಅಲ್ಲಿಂದ ತಳದವರೆಗೆ ಇಳಿಬಿಡುವುದು, ತಳದಲ್ಲಿ ಮರಳು ತುಂಬಿದ ಚೀಲದ ಭಾರ. 4.24 ಮೀಟರ್ ಇಳಿಜಾರಿಗೆ ಮೇಲೊಂದಿಷ್ಟು ಕೆಳಗೊಂದಿಷ್ಟು ಸೇರಿ ಆರು ಮೀಟರ್ ಚಾಪೆ ಸಾಕು. ಹಾಳೆಗೆ ತೂತು ಬೀಳುವುದಿಲ್ಲ, ನೀರು ಸೋರುವುದಿಲ್ಲ. ಚಾಪೆ ಇಲ್ಲದಿದ್ದರೆ ಹಳೇ ಗೋಣಿಚೀಲ ಹೊಲಿದು ಹಾಕಿದರೂ ನಡೆದೀತು, ಆದರೆ ಬೇಗ ಕೊಳೆಯುತ್ತದೆ. ಆಡಲು ಹೋಗಿ ಜಾರಿ ಬಿದ್ದ ಮಗುವಿಗೂ ಹಿಡಿದುಕೊಳ್ಳಲು ಒಂದು ಆಸರೆ. ಹೊಂಡದ ಯಜಮಾನರು ಒಪ್ಪಿದ್ದು ಕಪ್ಪೆಗಾಗಿ ಅಲ್ಲ, ಈ ಕೊನೆಯ ಕಾರಣಕ್ಕೆ. ಯಾವ ಕಾರಣಕ್ಕಾದರೂ ಆಗಲಿ. ಜುಲೈನಲ್ಲಿ ಹೋಗಿ ಹಾಕಿ ಬಂದೆವು. ಹನ್ನೊಂದು ದಿನ ಬಿಟ್ಟು ಅಜ್ಜನ ಫೋನ್ ಬಂತು. “ಒಂದು ಹತ್ತಿ ಬಂದದ್ದು ನೋಡೀನಪಾ. ಎರಡು ಸತ್ತಾವು, ಅವು ಚಾಪಿ ಇಲ್ಲದ ಕಡೆ ಇದ್ದೂ.” ಅಂದರೆ ಎರಡು ಮೂಲೆ ಸಾಲದು, ನಾಲ್ಕೂ ಮೂಲೆಗೆ ಬೇಕು. ಸರ್ಕಾರ ಸಬ್ಸಿಡಿ ಕೊಡುವಾಗ ಬೇಲಿ ಇದೆಯಾ ಅಂತ ನೋಡುತ್ತದೆ, ಜೊತೆಗೆ ಚಾಪೆ ಇದೆಯಾ ಅಂತಲೂ ನೋಡಲಿ. ಇದಕ್ಕೆ ಸಂಸತ್ತು ಬೇಡ, ಇಲಾಖೆಯ ಒಂದು ಸುತ್ತೋಲೆ ಸಾಕು. ಡ್ರಾಯಿಂಗ್ ಮತ್ತು ಒಂದು ಪುಟದ ವಿವರಣೆಯನ್ನು ಕನ್ನಡದಲ್ಲೇ ಬರೆದು ಕೃಷಿ ಇಲಾಖೆಗೆ ಕಳಿಸುತ್ತಿದ್ದೇವೆ. ‘ಆಂಕರ್ ಟ್ರೆಂಚ್’ಗೆ ಕನ್ನಡ ಸಿಗದೆ ಅರ್ಧ ದಿನ ಒದ್ದಾಡಿದೆವು. ಕೊನೆಗೆ ‘ಹಾಳೆ ಹೂಳುವ ಕಾಲುವೆ’ ಅಂತ ಬರೆದೆವು. ಅಜ್ಜನಿಗೆ ಓದಿ ಹೇಳಿದಾಗ ಒಂದೇ ಸಲಕ್ಕೆ ತಿಳಿಯಿತು.

ಈಗ ಕ್ಯಾಂಪಸ್ಸಿನ ವಿಷಯ. ಬಾಯ್ಸ್ ಹಾಸ್ಟೆಲ್ ಹಿಂದೆ, ಕಾಂಪೌಂಡ್ ಮೂಲೆಯಲ್ಲಿ, ಒಂದು ತಗ್ಗು ಇದೆ. ಜೂನ್‌ನಿಂದ ದಸರಾ ತನಕ ಅಲ್ಲಿ ನೀರು ನಿಲ್ಲುತ್ತದೆ. ಇಂಟರ್ನಲ್ಸ್ ರಾತ್ರಿಗಳಲ್ಲಿ ‘ಥೂ, ಈ ಕಪ್ಪೆಗಳ ಕಾಟ’ ಅಂತ ನೀವು ಕಿಟಕಿ ಹಾಕಿಕೊಳ್ಳುತ್ತೀರಲ್ಲ, ಅದೇ ಜಾಗ. ಕಳೆದ ವಾರದಿಂದ ಹಳೇ ಬ್ಲಾಕ್ ಒಡೆದ ಕಲ್ಲು-ಮಣ್ಣನ್ನು ತಂದು ಅಲ್ಲಿ ಸುರಿಯುತ್ತಿದ್ದಾರೆ. ಬೈಕ್ ಪಾರ್ಕಿಂಗ್ ಮಾಡುತ್ತಾರಂತೆ. ಆಫೀಸಿನಲ್ಲಿ ವಿಚಾರಿಸಿದೆವು. “ಅಲ್ಲೇನಿದೆ? ಅದು ಬರೀ ತಗ್ಗು,” ಅಂದರು. ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಕ್ಯಾಂಪಸ್ ಪ್ಲಾನ್‌ನಲ್ಲಿ ಅದಕ್ಕೆ ಹೆಸರೇ ಇಲ್ಲ. ನಾವು ಟಾರ್ಚ್ ಹಿಡಿದು ಮೂರು ರಾತ್ರಿ ನೋಡಿದೆವು. ಗೂಳಿಗಪ್ಪೆ ಐದು, ನೀರಂಚಿನಲ್ಲಿ ಸಣ್ಣ ಕಪ್ಪೆಗಳು ಎಣಿಸಲಾಗದಷ್ಟು, ಸಾಲದ್ದಕ್ಕೆ ಒಂದು ನೀರುಹಾವು. ಗೊದಮೊಟ್ಟೆಗಳಿಗೆ ಈಗಷ್ಟೇ ಹಿಂಗಾಲು ಮೂಡುತ್ತಿವೆ.

ಪಾರ್ಕಿಂಗ್ ಬೇಡ ಅಂತ ನಾವು ಹೇಳುತ್ತಿಲ್ಲ. ನಮ್ಮಲ್ಲಿ ಇಬ್ಬರ ಬೈಕು ಬಿಸಿಲಲ್ಲೇ ನಿಲ್ಲುತ್ತದೆ. ವರ್ಕ್‌ಶಾಪ್ ಪಕ್ಕದ ಎತ್ತರದ ಜಾಗವನ್ನು ಲೆವೆಲ್ ಮಾಡಿದರೆ ಅಷ್ಟೇ ಬೈಕು ಹಿಡಿಯುತ್ತವೆ. ಲೆವೆಲಿಂಗ್ ಸರ್ವೆಯನ್ನು ಲ್ಯಾಬ್ ಉಪಕರಣದಲ್ಲಿ ನಾವೇ ಮಾಡಿದ್ದೇವೆ, ಶೀಟು ತಯಾರಿದೆ. ನವೆಂಬರ್ ತನಕ ತಗ್ಗಿಗೆ ಮಣ್ಣು ಹಾಕಬೇಡಿ, ಆಮೇಲೆ ಕೂತು ಮಾತಾಡೋಣ ಅಂತ ಪ್ರಿನ್ಸಿಪಾಲರಿಗೆ ಬರೆದ ಮನವಿ ಕನ್ನಡ ಸಂಘದ ರೂಮಿನಲ್ಲಿ ಇದೆ. ಈ ಲೇಖನ ಬರೆಯುವ ಹೊತ್ತಿಗೆ 63 ಸಹಿ ಆಗಿವೆ. ಶುಕ್ರವಾರ ಸಂಜೆ ಕೊಡಬೇಕು. ಅದಕ್ಕೂ ಮೊದಲು ಗುರುವಾರ ರಾತ್ರಿ ಎಂಟೂವರೆಗೆ ತಗ್ಗಿನ ಹತ್ತಿರ ಬನ್ನಿ, ಟಾರ್ಚ್ ತನ್ನಿ, ಕಾಲಿಗೆ ಶೂ ಇರಲಿ. ಗರ್ಲ್ಸ್ ಹಾಸ್ಟೆಲ್‌ನವರಿಗೆ ವಾರ್ಡನ್ ಮೇಡಂ ಹತ್ತು ಗಂಟೆ ತನಕ ಪರ್ಮಿಷನ್ ಕೊಟ್ಟಿದ್ದಾರೆ.